ಒತ್ತಕ್ಷರವಿಲ್ಲದ ಮಾತು

ಆ ಮನುಷ್ಯನ ಜೊತೆ ಮಾತಾಡಬೇಕೆಂದರೆ ಮೊದಲು ಎದ್ದು ಕಿಟಕಿ ಮುಚ್ಚಬೇಕಾಗಿತ್ತು. ಆಮೇಲೆ ಟ್ಯೂಬ್‌ಲೈಟ್ ಆರಿಸಬೇಕು. ಆಮೇಲೆ ಅವರ ಎದುರಿಗೆ, ಒಂದು ಮೇಜಿನಷ್ಟೇ ಅಂತರದಲ್ಲಿ ಕುಳಿತು, ಮಕ್ಕಳು ಕೈಯಲ್ಲಿ ಹಿಡಿದು ಆಡುವ ಒಂದು ವಿಡಿಯೋ ಗೇಮ್ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲುಗಾಡದೆ ಇರಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ, ಕಮಲಾಪುರದ ನಮ್ಮ ಹೈಸ್ಕೂಲಿನ ತಗಡು ಹೊದಿಸಿದ ಸ್ಟಾಫ್ ರೂಮಿನಲ್ಲಿ ಕಿಟಕಿ ಮುಚ್ಚಿಕೊಂಡು ಕೂರುವುದೆಂದರೆ ಏನೆಂಬುದು ಅಲ್ಲಿ ಕೂತವರಿಗೇ ಗೊತ್ತು. ಇಷ್ಟೆಲ್ಲ ಮಾಡಿ, ಬೆವರು ಒರೆಸಿಕೊಳ್ಳಲೂ ಕೈ ಖಾಲಿಯಿಲ್ಲದೆ ಕಾಯುತ್ತಿದ್ದರೆ, ಆ ಪುಟ್ಟ ಸ್ಕ್ರೀನಿನ ಮೇಲೆ ಒಂದೊಂದೇ ಅಕ್ಷರವಾಗಿ ಮೂಡಿಬರುತ್ತಿದ್ದ ಮಾತು ಇದು: "ಇವತು ಶೆಕಿ ಬಾಳ ಅದ."

"ಕಿಟಕಿ ತೆಗೆದ್ರ ಶೆಕಿ ಹೋಗ್ತದ ರೀ ಸರ್!" ಎಂದು ನಾನು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೆ.

ಅವರು ನಿಧಾನವಾಗಿ ಬೆರಳಾಡಿಸುತ್ತಿದ್ದರು. "ಹೌದು. ಮಾತೂ ಹೋಗತದ."

ಕಳೆದ ತಿಂಗಳು ಅವರು ತೀರಿಕೊಂಡರು. ಸುದ್ದಿ ಕೇಳಿದಾಗ ದುಃಖಕ್ಕಿಂತ ಮೊದಲು ನನಗೆ ಬಂದದ್ದು ಹಳೆಯ ಸಿಟ್ಟು. ಇನ್ನೂ ಮುಗಿಯದ ಎಷ್ಟೋ ಜಗಳಗಳನ್ನು ಅರ್ಧಕ್ಕೆ ಬಿಟ್ಟು ಹೊರಟುಹೋದರಲ್ಲ ಎಂಬ ಸಿಟ್ಟು.

ಅವರು ಗಣಿತದ ಮಾಸ್ತರು, ನಾನು ಕನ್ನಡದವಳು. ಇಬ್ಬರ ಮನೆಯೂ ಕಲಬುರಗಿಯಲ್ಲಿ. ಅವರದು ಬ್ರಹ್ಮಪುರದ ಓಣಿಯೊಳಗೆ, ನನ್ನದು ಕುಸನೂರಿನ ಕಡೆ. ದಿನಾ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕೂಡಿ, ಹುಮನಾಬಾದ್ ದಾರಿಯ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗುತ್ತಿದ್ದೆವು. ಸಂಜೆ ಹಾಗೆಯೇ ವಾಪಸ್ಸು. ಹೆಂಡತಿಯ ಜೊತೆ ಕಳೆದದ್ದಕ್ಕಿಂತ ಹೆಚ್ಚು ಹೊತ್ತನ್ನು ಅವರು ಬಸ್ಸಿನಲ್ಲಿ ನನ್ನ ಜೊತೆ ಕಳೆದಿರಬೇಕು. ಕಳೆದರು ಎನ್ನುವುದಕ್ಕಿಂತ, ಮಾತಾಡಿದರು ಎನ್ನಬೇಕು.

ಯಾಕೆಂದರೆ ಮೊದಲು ಅವರಿಗೆ ಗಂಟಲಿತ್ತು. ಅದೆಂಥ ಗಂಟಲು! ಹತ್ತನೆಯ ತರಗತಿಯಲ್ಲಿ ಅವರು ಪ್ರಮೇಯ ಹೇಳುತ್ತಿದ್ದರೆ ಪಕ್ಕದ ಎಂಟನೆಯ ತರಗತಿಯಲ್ಲಿ ನನ್ನ ಷಟ್ಪದಿ ಸತ್ತುಹೋಗುತ್ತಿತ್ತು. ಆಟದ ಮೈದಾನದ ಆಚೆಯ ಚಹಾದಂಗಡಿಯವನು ಅವರ ದನಿ ಕೇಳಿಯೇ ಪಿರಿಯಡ್ ಮುಗಿಯಿತೋ ಇಲ್ಲವೋ ಎಂದು ತಿಳಿದು ಚಹಾ ಇಡುತ್ತಿದ್ದ. ಒಂದು ಲೆಕ್ಕ ಶುರುಮಾಡಿದರೆ ಅದರಿಂದ ಬಸ್ಸಿಗೆ, ಬಸ್ಸಿನಿಂದ ಕಮಲಾಪುರದ ಕೆಂಪು ಬಾಳೆಹಣ್ಣಿಗೆ, ಬಾಳೆಹಣ್ಣಿನಿಂದ ಬಾಳೆತೋಟ ಮಾಡಿ ಕೆಟ್ಟ ತಮ್ಮ ಸೋದರಮಾವನಿಗೆ ಹೋಗಿ, ಗಂಟೆ ಹೊಡೆಯುವ ಹೊತ್ತಿಗೆ ಲೆಕ್ಕಕ್ಕೆ ವಾಪಸ್ಸು ಬರುತ್ತಿದ್ದರು. ಕೆಲವೊಮ್ಮೆ ಬರುತ್ತಲೂ ಇರಲಿಲ್ಲ. ಅವರದೊಂದು ಮಾತು ಊರಲ್ಲೆಲ್ಲ ಹೆಸರಾಗಿತ್ತು: "ಉತ್ತರ ತಪ್ಪಿದ್ರ ತಪ್ಪಲಿ, ಹೆಜ್ಜಿ ಬಿಡಬ್ಯಾಡ್ರಿ." ಇಪ್ಪತ್ತು ವರ್ಷದ ಕೆಳಗೆ ಕಲಿತವರೂ ಅವರನ್ನು ಕಂಡರೆ ಅದನ್ನೇ ಹೇಳಿ ಕಾಲು ಮುಟ್ಟುತ್ತಿದ್ದರು.

ಇನ್ನೊಂದು ಚಟ ಅವರಿಗೆ. ಸಂಜೆ ಬಸ್ಸಿಳಿದವರು ನೇರ ಮನೆಗೆ ಹೋಗದೆ ಸೂಪರ್ ಮಾರ್ಕೆಟ್ ಹಿಂದಿನ ಗುಜರಿ ಅಂಗಡಿಗಳಲ್ಲಿ ಹಳೆಯ ಸಾಮಾನು ಕೆದಕುವುದು. ಸತ್ತ ರೇಡಿಯೋ, ಕೈಕಾಲು ಮುರಿದ ಕ್ಯಾಮೆರಾ, ಯಾರಿಗೂ ಬೇಡವಾದ ವೈರು. ಅವುಗಳಿಗೆ ಜೀವ ಬರಿಸಿ ಸ್ಟಾಫ್ ರೂಮಿಗೆ ತಂದು ತೋರಿಸುವುದು. ಒಂದು ದಿನ ಹೀಗೇ, ಮಡಚಿದರೆ ಪುಸ್ತಕದಷ್ಟಾಗುವ ಒಂದು ಕೀಬೋರ್ಡ್ ತಂದರು. ಹಿಂದೆ ಜನ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಪುಟ್ಟ ಕಂಪ್ಯೂಟರುಗಳಿಗಾಗಿ ಮಾಡಿದ್ದಂತೆ. ಅದಕ್ಕೆ ವೈರಿಲ್ಲ. ಟಿವಿ ರಿಮೋಟಿನಲ್ಲಿರುವಂಥ, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನಲ್ಲಿ ಅದು ಅಕ್ಷರಗಳನ್ನು ಕಳಿಸುತ್ತದೆ. ಅವರ ತಂಗಿಯ ಮಗ ಆಡಿ ಬಿಟ್ಟ ಒಂದು ಗೇಮ್ ಯಂತ್ರದ ನೆತ್ತಿಯಲ್ಲೂ ಅಂಥ ಬೆಳಕನ್ನು ಹಿಡಿಯುವ ಕಪ್ಪು ಕಿಂಡಿ ಇತ್ತು. ಇವರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಎರಡಕ್ಕೂ ನಂಟು ಬೆಳೆಸಿದ್ದರು. ಕೀಲಿ ಒತ್ತಿದರೆ ಗೇಮಿನ ಸ್ಕ್ರೀನಿನ ಮೇಲೆ ಅಕ್ಷರ.

"ಇದರಾಗ ಆಟಾನೂ ಆಡಬಹುದು, ಪತ್ರಾನೂ ಬರೀಬಹುದು!" ಎಂದು ಗುಡುಗಿದರು.

"ಯಾಕ್ ಬರೀಬೇಕ್ರಿ ಸರ್ ಇದರಾಗ?" ಎಂದು ನಮ್ಮ ಹೆಡ್ ಮಾಸ್ತರು ಕೇಳಿದರು. ಆ ಪ್ರಶ್ನೆಗೆ ಅವತ್ತು ಅವರ ಹತ್ತಿರ ಉತ್ತರವಿರಲಿಲ್ಲ. ನಮಗೆ ಅವರ ಬೇರೆ ಸಾಮಾನುಗಳಂತೆ ಇದೂ ಒಂದು ಎನಿಸಿತು.

ಉತ್ತರ ಬಂದದ್ದು ಒಂದು ವರ್ಷದ ಮೇಲೆ. ದನಿ ಒಡೆಯಿತು. ನೆಗಡಿ ಎಂದರು, ಸೀಮೆಸುಣ್ಣದ ಧೂಳು ಎಂದರು, ಕಷಾಯ ಕುಡಿದರು. ಕೊನೆಗೆ ಹೈದರಾಬಾದಿಗೆ ಹೋದಾಗ ವೈದ್ಯರು ಇದು ಕ್ಯಾನ್ಸರ್, ಧ್ವನಿಪೆಟ್ಟಿಗೆಯನ್ನೇ ತೆಗೆಯದೆ ಗತಿಯಿಲ್ಲ ಎಂದರು. ತೆಗೆದರು. ಕೊರಳಲ್ಲಿ ಉಸಿರಿಗಾಗಿ ಒಂದು ತೂತು ಉಳಿಯಿತು. ಅದರ ಮೇಲೊಂದು ಬಿಳಿ ಬಟ್ಟೆ ಕಟ್ಟಿಕೊಂಡು, ಅರ್ಧ ಇಳಿದುಹೋದ ಮೈಯಲ್ಲಿ ಅವರು ಒಂದು ದಿನ ನಮ್ಮ ಸ್ಟಾಫ್ ರೂಮಿಗೆ ವಾಪಸ್ಸು ಬಂದರು. ಅವರು ಚೀಲದಿಂದ ಕೀಬೋರ್ಡ್ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಗೇಮ್ ಯಂತ್ರವನ್ನು ನನ್ನ ಕೈಗೆ ಕೊಟ್ಟರು. ಕಿಟಕಿಯತ್ತ ಬೆರಳು ತೋರಿಸಿದರು. ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ.

ಬಿಸಿಲು ಬಿದ್ದರೆ ಆ ಕಿಂಡಿಗೆ ಕಣ್ಣು ಕತ್ತಲೆ. ಕಲಬುರಗಿಯಲ್ಲಿ ಬಿಸಿಲಿಲ್ಲದ ಜಾಗ ಎಲ್ಲಿದೆ? ಟ್ಯೂಬ್‌ಲೈಟ್ ಉರಿದರೆ ಒಂದಕ್ಷರಕ್ಕೆ ಇನ್ನೊಂದು ಅಕ್ಷರ. ನಡುವೆ ಯಾರಾದರೂ ಹಾದುಹೋದರೆ ವಾಕ್ಯ ಅಲ್ಲಿಗೇ ತುಂಡು. ಹಿಡಿದವರು ಕೈ ತಿರುಗಿಸಿದರೆ, ದೂರ ಸರಿದರೆ, ಆ ಕಡೆ ಈ ಕಡೆ ನೋಡಿದರೆ ಮಾತು ಬಂದ್. ಇದು ಸಾಲದೆಂಬಂತೆ, ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಇವರೇ ಆಸ್ಪತ್ರೆಯಲ್ಲಿ ಮಲಗಿದ್ದಾಗ ಚುಕ್ಕಿ ಚುಕ್ಕಿ ಇಟ್ಟು ಅಕ್ಷರ ತಯಾರಿಸಿದ್ದರು. ಸ್ವರ ಮುಗಿಸಿದರು, ವ್ಯಂಜನ ಮುಗಿಸಿದರು, ಕಾಗುಣಿತ ಮುಗಿಸಿದರು. ಒತ್ತಕ್ಷರಕ್ಕೆ ಬರುವ ಹೊತ್ತಿಗೆ ಬೇಸರ ಬಂತು. ಹಾಗಾಗಿ ಅವರು ಒತ್ತಕ್ಷರ ಒತ್ತಿದರೂ ಯಂತ್ರ ಅದನ್ನು ನುಂಗಿ ಬರೀ ಮೇಲಿನ ಅಕ್ಷರವನ್ನಷ್ಟೇ ತೋರಿಸುತ್ತಿತ್ತು.

ನಾನು ಕನ್ನಡ ಕಲಿಸುವವಳು. ನನ್ನ ಸಂಕಟ ಯಾರಿಗೆ ಹೇಳಲಿ? ಅಪ್ಪ 'ಅಪ' ಆದ, ಅಮ್ಮ 'ಅಮ' ಆದಳು. ಮುಖ್ಯ ಗುರುಗಳು 'ಮುಖ ಗುರುಗಳು' ಆದರು. ಒಂದು ದಿನ ಅವರು ಹೆಂಡತಿಯನ್ನು ಶಾಲೆಗೆ ಕರೆತಂದು, ಹೊಸದಾಗಿ ಬಂದಿದ್ದ ಹಿಂದಿ ಮಾಸ್ತರಿಗೆ ಪರಿಚಯ ಮಾಡಿಸಿದರು. ಬರೆದದ್ದು 'ಪತ್ನಿ' ಎಂದು. ಹಿಂದಿ ಮಾಸ್ತರು ಗೇಮ್ ಯಂತ್ರ ಹಿಡಿದು ಗಟ್ಟಿಯಾಗಿ ಓದಿದರು: "ಇವರು ನನ ಪತಿ." ಆ ಹೆಣ್ಣುಮಗಳು ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಓಡಿದರು.

"ಒಂದ್ ರಜಾದಾಗ ಕುಂತು ಒತ್ತಕ್ಷರ ಮುಗಸ್ರಿ ಸರ್, ನಿಮ್ ಕೈ ಮುಗೀತೀನಿ," ಎಂದೆ ನಾನು.

ಅವರು ಬರೆದರು: "ಗಣಿತಕ ಒತು ಬೇಕಾಗಿಲ."

"ಕನ್ನಡಕ್ಕ ಬೇಕ್ರಿ!"

"ಅದು ನಿಮ ತಪು. ನಿಮ ವಿಷಯದ ಹೆಸರು ಬರಿಯಾಕೂ ಒತು ಬೇಕು. ನಂದು ನೋಡರಿ. ಗಣಿತ."

ಇದನ್ನು ಓದಿ ಸಿಟ್ಟು ಬಂದರೂ, ಸಿಟ್ಟು ತೋರಿಸಲು ಯಂತ್ರವನ್ನು ಕೆಳಗಿಡುವ ಹಾಗಿಲ್ಲ. ಇಟ್ಟರೆ ಅವರ ಮಾತನ್ನು ನಡುವೆ ಕತ್ತರಿಸಿದ ಹಾಗೆ. ನಮ್ಮ ಕಡೆ ಹೆಣ್ಣು ಮಾಸ್ತರರಿಗೆ 'ಬಾಯಾರು' ಎನ್ನುವ ರೂಢಿ. ಅವರ ಮಾತನ್ನು ಎಲ್ಲರಿಗೂ ಓದಿ ಹೇಳುವ ಕೆಲಸ ನನ್ನ ಪಾಲಿಗೇ ಬಿದ್ದದ್ದರಿಂದ, "ಕನ್ನಡದ ಬಾಯಾರು ಈಗ ಗಣಿತದ ಬಾಯಿ ಆಗ್ಯಾರ" ಎಂದು ಹುಡುಗರು ನಗತೊಡಗಿದರು.

ಎಲ್ಲರೂ ಕೇಳುತ್ತಿದ್ದದ್ದು ಒಂದೇ: ಫೋನ್ ಯಾಕೆ ಬಳಸಬಾರದು? ಅದರಲ್ಲಿ ಒತ್ತಕ್ಷರ ಬರುತ್ತದೆ, ಬಿಸಿಲಲ್ಲೂ ನಡೆಯುತ್ತದೆ, ಬರೆದದ್ದನ್ನು ದನಿಯಲ್ಲಿ ಹೇಳಿಯೂ ತೋರಿಸುತ್ತದೆ. ಅವರು ಪ್ರತಿ ಸಲ ಒಂದೊಂದು ಕಾರಣ ಕೊಡುತ್ತಿದ್ದರು. ಫೋನಿನ ಕೀಲಿ ಬೆರಳಿಗೆ ಸಿಗುವುದಿಲ್ಲ. ಬರೆಯುವಾಗ ಯಾರದಾದರೂ ಕರೆ ಬರುತ್ತದೆ, ಬಂದರೆ ತೆಗೆದುಕೊಂಡು ಏನು ಮಾಡಲಿ. ಒಮ್ಮೆ ಹೀಗೂ ಬರೆದರು: "ಫೋನಿನಾಗ ಬಾಳ ಮಂದಿ ಇರತಾರ. ಇದರಾಗ ನಾ ಒಬನೇ." ವೈದ್ಯರು ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರವನ್ನೂ ಕೊಡಿಸಿದ್ದರು. ಅದರ ದನಿ ಜೀರುಂಡೆಯ ಹಾಗಿದೆ ಎಂದು ಕಪಾಟಿನಲ್ಲಿಟ್ಟರು.

ನಾನು ಸೋಲಲಿಲ್ಲ. ನನ್ನ ಫೋನಿನಲ್ಲಿ ಮಾತಾಡುವ ಆ್ಯಪ್ ಹಾಕಿಸಿಕೊಂಡು ಹೋಗಿ, ಅವರ ಮುಂದಿಟ್ಟು, "ನಮಸ್ಕಾರ, ಎಲ್ಲರೂ ಪುಸ್ತಕ ತೆರೆಯಿರಿ" ಎಂದು ಬರೆದು ಒತ್ತಿದೆ. ಒಬ್ಬ ಹೆಣ್ಣುಮಗಳು ರೈಲು ನಿಲ್ದಾಣದ ಪ್ರಕಟಣೆಯ ರಾಗದಲ್ಲಿ, ಬೆಂಗಳೂರಿನ ಕನ್ನಡದಲ್ಲಿ ಅದನ್ನು ಹೇಳಿದಳು. ಅವರು ಗಂಭೀರವಾಗಿ ಕೇಳಿಸಿಕೊಂಡು ತಮ್ಮ ಕೀಬೋರ್ಡ್ ಎಳೆದುಕೊಂಡರು.

"ಈ ಹೆಣುಮಗಳು ಯಾರು? ಮನಿಯಾಗ ಕೇಳಿದರ ಏನಂತ ಹೇಳಲಿ?"

ಬಸ್ಸಿನ ಕತೆ ಬೇರೆ. ಬೆಳಿಗ್ಗೆ ಹೋಗುವಾಗ ಎದುರು ಬಿಸಿಲು. ಸುಮ್ಮನೆ ಕೂರಬಹುದಲ್ಲ? ಇಲ್ಲ. ಗಂಟಲಿದ್ದಾಗ ಮಾತಾಡಿದಷ್ಟೂ ಈಗಲೂ ಮಾತಾಡಬೇಕು. ನನ್ನ ಕೊಡೆಯನ್ನು ಕಸಿದುಕೊಂಡು ಬಸ್ಸಿನೊಳಗೇ ಬಿಚ್ಚಿ, ನನ್ನ ಕೈಗೆ ಕೊಟ್ಟು, ಅದರ ನೆರಳಲ್ಲಿ ತೊಡೆಯ ಮೇಲೆ ಕೀಬೋರ್ಡ್ ಇಟ್ಟುಕೊಂಡು ಬರೆಯುವುದು. ನಾನು ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಗೇಮ್.

"ಬಸ್ಸಿನ್ಯಾಗ ಮಳಿ ಬರಾಕತ್ತದೇನ್ರಿ ಬಾಯಾರ?" ಎಂದು ಕಂಡಕ್ಟರ್ ಕೇಳಿದ.

ಹಿಂದಿನ ಸೀಟಿನ ಮುದುಕಿಯೊಬ್ಬಳು ಇಣುಕಿ ನೋಡಿ, "ತಲಿ ಬೆಳ್ಳಗಾದ್ರೂ ಆಟದ ಹುಚ್ಚು ಹೋಗಿಲ್ಲ ನೋಡು ಈ ಅಣ್ಣಗ," ಎಂದು ನಿಟ್ಟುಸಿರು ಬಿಟ್ಟಳು. ಅದನ್ನು ಕೇಳಿ ಅವರ ಭುಜ ಕುಣಿಯತೊಡಗಿತು. ನಗುವಾಗ ದನಿಯಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಆಮೇಲೆ ಕೆಮ್ಮು. ಕೆಮ್ಮು ಬಂದರೆ ಕೊರಳ ಬಟ್ಟೆ ಒತ್ತಿ ಹಿಡಿದು ಕಿಟಕಿಯತ್ತ ತಿರುಗುತ್ತಿದ್ದರು.

ಹೊಸಬರು ಯಾರೇ ಸಿಕ್ಕರೂ ಮೊದಲು ಕೇಳುವುದು, "ಗುಟ್ಕಾ ತಿಂತಿದ್ರೇನ್ರಿ?" ಎಂದು. ಅದಕ್ಕೊಂದು ಉತ್ತರವನ್ನು ಅವರು ಮೊದಲೇ ಬರೆದು ಯಂತ್ರದಲ್ಲಿ ಉಳಿಸಿಟ್ಟಿದ್ದರು. ಒಂದು ಕೀಲಿ ಒತ್ತಿದರೆ ಸಾಕು: "ತಂಬಾಕು ತಿಂದಿಲ. ಬೀಡಿ ಸೇದಿಲ. ಬಾಳ ಮಾತಾಡೀನಿ, ಅದೂ ಕಾರಣ ಅಲ. ಮುಂದಿನ ಮಾತು ಹೇಳರಿ." ಇದೊಂದು ವಿಷಯದಲ್ಲಿ ನನಗೆ ಅವರ ಮೇಲಲ್ಲ, ಕೇಳುವವರ ಮೇಲೆ ಸಿಟ್ಟು ಬರುತ್ತಿತ್ತು.

ಹೆಡ್ ಮಾಸ್ತರ ತಾಯಿ ತೀರಿಕೊಂಡಾಗ ನಾವೆಲ್ಲ ಮಾತಾಡಿಸಲು ಹೋಗಿದ್ದೆವು. ಮಂದಿ ಗೋಡೆಗೊರಗಿ ಸುಮ್ಮನೆ ಕೂತಿದ್ದಾರೆ. ಇವರು ಏನೋ ಸಾಂತ್ವನ ಹೇಳಬೇಕೆಂದು ಯಂತ್ರವನ್ನು ಹೆಡ್ ಮಾಸ್ತರ ಕೈಗೆ ಕೊಟ್ಟರು. ಹೆಡ್ ಮಾಸ್ತರು ಕಣ್ಣೊರೆಸಿಕೊಳ್ಳುವಾಗ ಯಾವ ಗುಂಡಿ ಒತ್ತಿದರೋ, ಒಳಗೆ ಮಲಗಿದ್ದ ಕಾರ್ ರೇಸಿನ ಆಟ ಎದ್ದಿತು. ಸಂಗೀತ, ಇಂಜಿನ್ನು, ಬ್ರೇಕಿನ ಕಿರುಚಾಟ. ದನಿ ತಗ್ಗಿಸುವ ಗುಂಡಿ ಎಲ್ಲಿದೆಯೆಂದು ಹೇಳಲು ಇವರಿಗೆ ಬಾಯಿಲ್ಲ, ಬರೆದು ತೋರಿಸೋಣವೆಂದರೆ ಸ್ಕ್ರೀನಿನ ತುಂಬ ಕಾರು. ಕೊನೆಗೆ ನಾನೇ ಅದನ್ನು ಸೆರಗಲ್ಲಿ ಸುತ್ತಿಕೊಂಡು ಅಂಗಳಕ್ಕೆ ಓಡಿದೆ. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವರಿಗೆ ಬೈದೆ. ಅವರು ಚೀಲ ಬಿಚ್ಚಲೇ ಇಲ್ಲ. ಕಿಟಕಿಯಾಚೆಗೆ ತೊಗರಿ ಹೊಲ ನೋಡುತ್ತ ಕೂತಿದ್ದರು.

ಪಾಠ ಹೇಗೆ ಮಾಡುತ್ತಿದ್ದರು ಎಂದು ಕೇಳುತ್ತೀರಿ. ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಮಾತಾಡಬೇಕಾದಾಗ ಮೇಜಿಗೆ ಬಂದು ಕೂತು, ಯಾರಾದರೊಬ್ಬರನ್ನು ಕರೆದು ಯಂತ್ರ ಹಿಡಿಸುತ್ತಿದ್ದರು. ಹಿಡಿದವರು ಎಲ್ಲರಿಗೂ ಕೇಳುವಂತೆ ಓದಬೇಕು. ಬೈಸಿಕೊಳ್ಳಬೇಕಾದವರನ್ನೇ ಕರೆಯುತ್ತಿದ್ದದ್ದು ಹೆಚ್ಚು. ಹಾಗಾಗಿ ನಮ್ಮ ಶಾಲೆಯ ಹುಡುಗರು ತಮ್ಮ ಬೈಗುಳವನ್ನು ತಾವೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಅದರಲ್ಲೂ ಒಂದು ಸುಖವಿತ್ತು ಅವರಿಗೆ. 'ಕತ್ತೆ' ಎಂದು ಬರೆದರೆ ಬರುತ್ತಿದ್ದದ್ದು 'ಕತೆ'. "ಏ ಕತೆ, ಹೆಜಿ ಎಲಿ?" ಎಂದು ಓದಿ ಇಡೀ ತರಗತಿ ನಕ್ಕರೆ, ಬೈಸಿಕೊಂಡವನೂ ನಗುತ್ತಿದ್ದ. ಶಾಲೆಯ ತುಂಬ ಕತೆಗಳಾದವು.

ಇದೆಲ್ಲ ನಮ್ಮ ಆಡಳಿತ ಮಂಡಳಿಯ ಕಿವಿಗೆ ಬೀಳದೆ ಇರುತ್ತದೆಯೇ. ಯಾರೋ ಪಾಲಕರು ದೂರು ಕೊಟ್ಟರು: ಗಣಿತದ ಮಾಸ್ತರು ಮೂಕರು, ಗೇಮ್ ಆಡಿಸಿ ಪಾಠ ಮಾಡುತ್ತಾರೆ, ಹತ್ತನೆಯ ತರಗತಿಯ ಮಕ್ಕಳ ಗತಿ ಏನು. ಅವರನ್ನು ಪಾಠದಿಂದ ಬಿಡಿಸಿ ಆಫೀಸಿನಲ್ಲಿ ಹಾಜರಿ ನೋಡಲು ಕೂರಿಸಬೇಕೆಂಬ ಮಾತು ಬಂತು. ಮಂಡಳಿಯ ಕಾರ್ಯದರ್ಶಿಗಳು ಕಲಬುರಗಿಯಲ್ಲಿ ಬೇಳೆ ಮಿಲ್ಲು ಇಟ್ಟುಕೊಂಡ ಸಾಹುಕಾರರು. ಕೆಟ್ಟವರಲ್ಲ. "ನಾನೇ ಬಂದು ಒಂದ್ ಪಾಠ ಕುಂತು ನೋಡ್ತೀನಿ, ಆಮ್ಯಾಗ ಮಾತಾಡೋಣು," ಎಂದು ಹೇಳಿ ಕಳಿಸಿದರು.

ಹಿಂದಿನ ದಿನ ಬಸ್ಸಿನಲ್ಲಿ ನಾನು ಕೈಮುಗಿಯುವುದೊಂದು ಬಾಕಿ. "ನಾಳಿ ಒಂದ್ ದಿನ ಫೋನ್ ಹಿಡೀರಿ ಸರ್. ಆ ಹೆಣ್ಮಗಳು ಹೆಂಗರ ಮಾತಾಡ್ಲಿ. ಸಾಹುಕಾರ್ರು ಕೇಳಿ ಸಮಾಧಾನ ಆಗಿ ಹೋಗ್ಲಿ. ನಿಮ್ಮನ್ನ ಹಾಜರಿ ಬರಿಯಾಕ ಕೂಡಿಸಿದ್ರ ನೀವು ತಿಂಗಳೊಪ್ಪತ್ತಿನ್ಯಾಗ ಸಾಯ್ತೀರಿ."

ಅವರು ಕೊಡೆಯ ನೆರಳಲ್ಲಿ ಬರೆದರು: "ನೋಡೋಣ."

ಮರುದಿನ ಸಾಹುಕಾರರು ಬಂದರು. ದೊಡ್ಡ ಅತಿಥಿ ಎಂದು ಹೆಡ್ ಮಾಸ್ತರು ತರಗತಿಯನ್ನು ಪೂರ್ವಕ್ಕಿರುವ ದೊಡ್ಡ ಕೋಣೆಗೆ ವರ್ಗಾಯಿಸಿದ್ದರು. ಆ ಕೋಣೆಯ ಕಿಟಕಿಗೆ ಬಾಗಿಲೇ ಇಲ್ಲ. ಬೆಳಗಿನ ಬಿಸಿಲು ಮೇಜಿನ ಮೇಲೆ ಹಾಸಿಗೆ ಹಾಸಿದಂತೆ ಬಿದ್ದಿತ್ತು. ಇವರು ಹೋಗಿ ಆ ಬಿಸಿಲಿನಲ್ಲೇ ಕೀಬೋರ್ಡ್ ಬಿಡಿಸಿ, ಗೇಮ್ ಯಂತ್ರವನ್ನು ಸೀದಾ ಸಾಹುಕಾರರ ಕೈಗೆ ಕೊಟ್ಟರು.

ಸಾಹುಕಾರರು ಅದನ್ನು ಹಿಂದೆ ಮುಂದೆ ಮಾಡಿ ನೋಡಿದರು. "ಏನೂ ಬರವಲ್ದಲ್ರಿ ಇದರಾಗ."

ಇವರು ಒತ್ತಿದರು. ಬರಲಿಲ್ಲ. ಮತ್ತೆ ಒತ್ತಿದರು. ಹೆಡ್ ಮಾಸ್ತರು ನೆಲ ನೋಡತೊಡಗಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು ತಡೆಯಲಾರದೆ ಬಾಗಿಲಿನಿಂದ ಒಳಗೆ ಹೋಗಿ, ತಯಾರಾಗಿದ್ದ ಫೋನನ್ನು ಅವರ ಮುಂದಿಟ್ಟೆ. "ಬರೀರಿ ಸರ್, ಇದರಾಗ ಬರೀರಿ."

ಅವರು ಅದನ್ನು ಒಂದು ಬೆರಳಿನಿಂದ ನನ್ನ ಕಡೆಗೇ ತಳ್ಳಿದರು. ಆ ಹೊತ್ತಿಗೆ ನನಗೆ ಬಂದ ಸಿಟ್ಟನ್ನು ಯಾವ ಒತ್ತಕ್ಷರದಲ್ಲಿ ಬರೆಯಲಿ! ನೌಕರಿಯೇ ಹೋಗುವ ಹೊತ್ತಿನಲ್ಲೂ ಈ ಹಠ.

ಆಮೇಲೆ ಅವರು ಎದ್ದರು. ಮೇಜಿನ ಒಂದು ತುದಿ ಹಿಡಿದು ಎಳೆಯತೊಡಗಿದರು. ಕೀಬೋರ್ಡ್ ಸಮೇತ ಮೇಜು ಕಿರ್ರೆನ್ನುತ್ತ ಕೋಣೆಯ ಇನ್ನೊಂದು ಮೂಲೆಗೆ, ತೆರೆದ ಬಾಗಿಲಿನ ಹಿಂದಿನ ನೆರಳಿಗೆ ಹೋಯಿತು. ಅಲ್ಲಿ ಒಬ್ಬರು ಕೂರುವಷ್ಟು, ಒಬ್ಬರು ನಿಲ್ಲುವಷ್ಟು ಜಾಗ. ಕೂತು, ಸಾಹುಕಾರರಿಗೆ ಬಾ ಎಂದು ಕೈ ಮಾಡಿದರು. ಇಸ್ತ್ರಿ ಮಾಡಿದ ಬಿಳಿ ಧೋತರ, ಬಿಳಿ ಜುಬ್ಬದ ಆ ದೊಡ್ಡ ಮನುಷ್ಯ ಹೊಟ್ಟೆ ಒಳಗೆಳೆದುಕೊಂಡು ಬಾಗಿಲ ಹಿಂದೆ ತೂರಿಕೊಂಡು, ಗೇಮ್ ಹಿಡಿದು ನಿಂತರು. ಮಕ್ಕಳೆಲ್ಲ ಅತ್ತ ತಿರುಗಿದರು. ಮೊದಲ ಸಾಲು ಬಂತು. ಸಾಹುಕಾರರು ದೊಡ್ಡ ದನಿಯಲ್ಲಿ ಓದಿದರು:

"ಸಾಹುಕಾರರ, ಸರಿಯಾಗಿ ಹಿಡೀರಿ."

ತರಗತಿ ಹೋ ಎಂದಿತು. ಸಾಹುಕಾರರೂ ನಕ್ಕರು. ಪಾಠ ಶುರುವಾಯಿತು. ಇವರು ಬೋರ್ಡಿಗೆ ಹೋಗಿ ವರ್ಗ ಸಮೀಕರಣದ ಒಂದು ಲೆಕ್ಕ ಬರೆದರು. ಹಿಂದಿನ ಬೆಂಚಿನ ಒಬ್ಬ ಹುಡುಗಿಯನ್ನು ಕೈಸನ್ನೆ ಮಾಡಿ ಕರೆದು, ಮಾಡು ಎಂದು ಬೋರ್ಡ್ ತೋರಿಸಿದರು. ಅವಳು ಲೆಕ್ಕದಲ್ಲಿ ಹಿಂದೆಯೇ ಇದ್ದವಳು. ಸುಣ್ಣದ ಕಡ್ಡಿ ಹಿಡಿದು ಮಾಡುತ್ತ ಮಾಡುತ್ತ ನಡುವೆ ಒಂದು ಹೆಜ್ಜೆ ಹಾರಿದಳು. ಇವರು ಮೇಜು ತಟ್ಟಿದರು. ಸಾಹುಕಾರರು ಓದಿದರು: "ಕತೆ, ನಡುವಿನ ಹೆಜಿ ಯಾರ ಮನಿಗೆ ಹೋತು?" ಹುಡುಗಿ ನಾಲಿಗೆ ಕಚ್ಚಿಕೊಂಡು, ಒರೆಸಿ, ಬಿಟ್ಟ ಹೆಜ್ಜೆ ಸೇರಿಸಿ ಉತ್ತರ ತಂದಳು.

ಸಾಹುಕಾರರು ಬಾಗಿಲ ಹಿಂದಿನಿಂದ ಹೊರಬಂದು ಅವಳನ್ನೇ ಕೇಳಿದರು. "ಖರೇ ಹೇಳವ್ವ, ಅಂಜಬ್ಯಾಡ. ಸರ್‌ಗೆ ಮಾತು ಬರಂಗಿಲ್ಲ. ನಿಮಗ ಪಾಠ ತಿಳೀತದೇನು?"

ಹುಡುಗಿ ಇವರ ಮುಖ ನೋಡಿದಳು, ಸಾಹುಕಾರರ ಮುಖ ನೋಡಿದಳು. "ಮೊದಲ ಸರ್ ಭಾಳ ಮಾತಾಡ್ತಿದ್ರು ರೀ. ಲೆಕ್ಕ ಹೇಳಕೋತ ಬಸ್ಸಿಂದು, ಬಾಳೆಹಣ್ಣಿಂದು, ಅವರ ಮಾವಂದು ಎಲ್ಲಾ ಹೇಳ್ತಿದ್ರು. ನಗು ಬರ್ತಿತ್ತು, ಲೆಕ್ಕ ತಿಳೀತಿರ್ಲಿಲ್ಲ. ಈಗ ಎಷ್ಟ ಬೇಕೋ ಅಷ್ಟೇ ಹೇಳ್ತಾರ ರೀ. ಈಗ ತಿಳೀತದ."

"ಖರೇನ?" ಎಂದು ಸಾಹುಕಾರರು ಇಡೀ ತರಗತಿಯನ್ನು ಕೇಳಿದರು.

"ಖರೇ ರೀ!" ಎಂದು ಎಲ್ಲರೂ ಕೂಗಿದರು.

ಸಾಹುಕಾರರು ಯಂತ್ರವನ್ನು ಮೇಜಿನ ಮೇಲೆ ಜೋಪಾನವಾಗಿ ಇಟ್ಟು, "ಹೆಡ್ ಮಾಸ್ತರ್, ಇವರನ್ನ ಎಲ್ಲಿಗೂ ಕಳಿಸೂದು ಬ್ಯಾಡ. ನೀವೂ ಸಾಧ್ಯ ಆದ್ರ ಸ್ವಲ್ಪ ಮಾತು ಕಡಿಮಿ ಮಾಡ್ರಿ," ಎಂದು ಹೇಳಿ ಚಹಾಕ್ಕೆ ಹೊರಟರು.

ಗೆದ್ದೆವಲ್ಲ! ಇವರು ಖುಷಿಯಾಗಿರಬೇಕು ಎಂದುಕೊಂಡು ಸಂಜೆ ಬಸ್ಸಿನಲ್ಲಿ ನೋಡಿದರೆ ಮುಖ ಊದಿಕೊಂಡಿದೆ. ಕೊಡೆ ಬಿಚ್ಚಿದೆ. ಬೇಡವೆಂದು ಮಡಚಿದರು. ವಾರವಿಡೀ ಹಾಗೇ. ಕಡೆಗೊಂದು ದಿನ ಯಂತ್ರ ನನ್ನ ಕೈಗಿತ್ತು ಬರೆದರು: "ಇಪತು ವರುಷ ನಾ ಮಾತಾಡಿದು ದಂಡ ಆತೇನು?"

"ಹಂಗಲ್ಲ ಬಿಡ್ರಿ ಸರ್. ನಗು ಬರ್ತಿತ್ತು ಅಂದ್ಳಲ್ಲ."

"ನಾ ಹಾಸಗಾರ ಅಲ." ಹಾಸ್ಯಗಾರ ಎಂದು ತಿಳಿದುಕೊಳ್ಳಲು ನನಗೆ ಒಂದು ನಿಮಿಷ ಬೇಕಾಯಿತು. ಕೆಲಸ ಉಳಿದದ್ದಕ್ಕೆ ಸಂತೋಷವಿಲ್ಲ, ಯಾಕೆ ಉಳಿಯಿತು ಎಂಬುದಕ್ಕೆ ಸಿಟ್ಟು. ಇಂಥ ಮನುಷ್ಯನ ಜೊತೆ ಏಗುವುದು ಹೇಗೆ? ಆದರೆ ಮುಂದಿನ ವಾರ ಅವರ ತರಗತಿಯ ಹೊರಗೆ ಹಾದುಹೋಗುವಾಗ, ಆ ಹುಡುಗಿ ಯಂತ್ರ ಹಿಡಿದು ನಿಂತು, ಅವರ ಸೋದರಮಾವನ ಬಾಳೆತೋಟದ ಕತೆಯನ್ನು ಒತ್ತಕ್ಷರವಿಲ್ಲದೆ ಓದುತ್ತಿದ್ದದ್ದು ಕೇಳಿಸಿತು. ಲೆಕ್ಕ ಬೋರ್ಡಿನ ಮೇಲೆ ಅರ್ಧಕ್ಕೆ ನಿಂತಿತ್ತು. ನಾನು ತಲೆ ಚಚ್ಚಿಕೊಂಡು ಮುಂದೆ ನಡೆದೆ.

ಹಾಗೇ ನಿವೃತ್ತಿಯವರೆಗೂ ಪಾಠ ಮಾಡಿದರು. ಒತ್ತಕ್ಷರ ಕಡೆಯವರೆಗೂ ಬರಲಿಲ್ಲ. ನಿವೃತ್ತಿಯಾದ ಮೇಲೆ ನಾನು ಆಗೀಗ ಬ್ರಹ್ಮಪುರಕ್ಕೆ ಹೋಗುತ್ತಿದ್ದೆ. ಅವರ ಮನೆಯ ನಡುಮನೆ ಕತ್ತಲೆ, ಯಂತ್ರಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಗಂಟೆಗಟ್ಟಲೆ ನನ್ನ ಕೈ ನೋಯಿಸುತ್ತಿದ್ದರು. ಈ ವರ್ಷ ರೋಗ ಮತ್ತೆ ಮರಳಿತು. ಹೈದರಾಬಾದಿಗೆ ಹೋಗಿ ಬಂದರು. ಮತ್ತೆ ಹೋಗುವುದು ಬೇಡ ಎಂದರಂತೆ.

ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ, ಊರಲ್ಲಿರಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಹೋದೆ. ಅವರ ಹೆಂಡತಿ ಒಬ್ಬರೇ ಜೋಳ ಹಸನು ಮಾಡುತ್ತಿದ್ದರು. ಮೊರ ಬದಿಗಿಟ್ಟು ಚಾಪೆ ಹಾಸಿದರು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದೆವು. ಕಡೆಯ ದಿನಗಳಲ್ಲಿ ಕೀಲಿ ಒತ್ತಲೂ ಆಗದಿದ್ದಾಗ ಅವರಿಗೆ ಎಷ್ಟು ಕಷ್ಟವಾಗಿರಬೇಕು, ಮಾತಿಲ್ಲದೆ ಇರಲಾರದ ಮನುಷ್ಯ, ಎಂದೆ ನಾನು.

"ಏನ್ ಕಷ್ಟ ಆಗಲಿಲ್ಲ ಬಾಯಾರ," ಎಂದರು ಆಕೆ. "ಅದರಾಗ ನನ್ ಕೂಡ ಅವರು ಒಂದಿನಾನೂ ಮಾತಾಡಿಲ್ಲ."

ನನಗೆ ಅರ್ಥವಾಗಲಿಲ್ಲ. "ಮತ್ತ ಹೆಂಗ ಮಾತಾಡ್ತಿದ್ರಿ ಅಕ್ಕಾರ?"

"ತುಟಿ ಆಡಸ್ತಿದ್ರು. ನಾ ನೋಡಿ ತಿಳಕೋತಿದ್ದೆ. ಮೊದಲಿನ ಹಂಗ. ಜಗಳಾನೂ ಆಡೀವಿ, ಯಾವುದೂ ಬಿಟ್ಟಿಲ್ಲ. ಆಜೂಬಾಜೂದವರಿಗೆ ಕೇಳಸ್ತಿರ್ಲಿಲ್ಲ, ಅಷ್ಟೇ ಫರಕು."

ಇಷ್ಟು ವರ್ಷ ಮುಚ್ಚಿದ ಕಿಟಕಿಗಳು, ಬಸ್ಸಿನಲ್ಲಿ ಬಿಚ್ಚಿದ ಕೊಡೆ, ನೋಯುತ್ತಿದ್ದ ಕೈ, ಸತ್ತುಹೋದ ನನ್ನ ಒತ್ತಕ್ಷರಗಳು. "ಹಂಗಾದ್ರ ನಮ್ ಜೋಡಿ ಯಾಕ ತುಟಿ ಆಡಸ್ಲಿಲ್ಲ ಅವರು? ನಾವೂ ತಿಳಕೋತಿದ್ವಿ! ಆ ಆಟದ ಡಬ್ಬಿ ಕೈಯಾಗ ಕೊಟ್ಟು ನಮ್ ಜೀವಾ ಯಾಕ ತಿಂದ್ರು?"

ಆಕೆ ನನ್ನನ್ನೇ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. "ಮಂದಿ ಅವರ ತುಟಿ ಎಲ್ಲಿ ನೋಡ್ತಿದ್ರು ಬಾಯಾರ? ಕೊಳ್ಳಾಗಿನ ತೂತ ನೋಡ್ತಿದ್ರು. ಬಟ್ಟಿ ಕಟ್ಟಿದ್ರೂ ಅಲ್ಲೇ ನೋಡ್ತಿದ್ರು. ಅದಕ್ಕ ಅಂತಿದ್ರು ಅವರು, ಕೈಯಾಗ ಏನರ ಕೊಟ್ರ ಅದನ್ನರ ನೋಡ್ತಾರ ಅಂತ."

ಓಣಿಯಲ್ಲಿ ಬಾಳೆಹಣ್ಣಿನ ಗಾಡಿಯವನು ಕೂಗುತ್ತ ಹೋದ. ಫೋನಿಗೆ ನೂರು ನೆಪ ಹೇಳಿದ ಮನುಷ್ಯ ಇದೊಂದನ್ನು ನನಗೆ ಹೇಳಲಿಲ್ಲ. ಇದರಲ್ಲಿ ಅಂಥ ಒತ್ತಕ್ಷರವೂ ಇರಲಿಲ್ಲ. ನನಗೆ ಮತ್ತೆ ಸಿಟ್ಟು ಬಂತು. ಬೈಯಲು ಎದುರಿಗೆ ಅವರಿರಲಿಲ್ಲ. ಕಣ್ಣು ತುಂಬಿಕೊಂಡಿತು.

"ಅಳಬ್ಯಾಡ್ರಿ," ಎಂದು ಆಕೆ ನನ್ನ ಕೈ ಮೇಲೆ ಕೈಯಿಟ್ಟರು. "ಅದೇನ್ ದೊಡ್ಡ ವಿದ್ಯಾ ಅಲ್ಲ. ನೋಡ್ರಿ ಇಲ್ಲಿ."

ಮುಖ ನನ್ನ ಕಡೆ ತಿರುಗಿಸಿ, ದನಿ ಮಾಡದೆ ತುಟಿಗಳನ್ನು ನಿಧಾನವಾಗಿ ಆಡಿಸಿದರು. ನಾನು ಕಣ್ಣೊರೆಸಿಕೊಂಡು ನೋಡಿದೆ. ತಿಳಿಯಲಿಲ್ಲ. ಇನ್ನೊಮ್ಮೆ ಆಡಿಸಿದರು.

ಊಟ ಮಾಡಿ ಹೋಗ್ರಿ.

ನಾನು ಕೈ ತೊಳೆಯಲು ಎದ್ದೆ.